ಮುಖ ಮರಳಿ ಕೊಟ್ಟ ವೈದ್ಯ: ಸರ್ ಹೆರಾಲ್ಡ್ ಗಿಲ್ಲೀಸ್

ಲಂಡನ್ ನಗರದ ಅಂಚಿನಲ್ಲಿ ಸಿಡ್‌ಕಪ್ ಎಂಬ ಊರಿದೆ. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಅಲ್ಲಿನ ಆಸ್ಪತ್ರೆಯಿಂದ ಪೇಟೆಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಇದೇಕೆಂದು ಊರವರಿಗೆ ಗೊತ್ತಿತ್ತು. ನೀಲಿ ಬೆಂಚಿನ ಮೇಲೆ ಕುಳಿತವನು ಯುದ್ಧದಲ್ಲಿ ಮುಖಕ್ಕೆ ಗಾಯವಾದ ಸೈನಿಕನಾಗಿರಬಹುದು. ಅವನ ಮೂಗು ಇಲ್ಲದಿರಬಹುದು, ದವಡೆ ಹಾರಿಹೋಗಿರಬಹುದು. ದೂರದಿಂದಲೇ ಮನಸ್ಸು ಗಟ್ಟಿಮಾಡಿಕೊಂಡು ಬನ್ನಿ ಎಂದು ದಾರಿಹೋಕರಿಗೆ ಕೊಟ್ಟ ಸೂಚನೆ ಅದು.

ಆಸ್ಪತ್ರೆಯ ಒಳಗೆ ಇನ್ನೊಂದು ಕಟ್ಟುಪಾಡಿತ್ತು. ವಾರ್ಡುಗಳಲ್ಲಿ ಕನ್ನಡಿ ಇಡುವಂತಿರಲಿಲ್ಲ. ಕೈ ಹೋದವನು, ಕಾಲು ಹೋದವನು ಊರಿಗೆ ಮರಳಿದರೆ ಜನ ವೀರನೆಂದು ಎದುರುಗೊಳ್ಳುತ್ತಿದ್ದರು. ಮುಖ ಹೋದವನನ್ನು ಕಂಡರೆ ಅದೇ ಜನ ಕಣ್ಣು ತಿರುಗಿಸುತ್ತಿದ್ದರು. ಈ ನತದೃಷ್ಟರಿಗೆ ಮತ್ತೆ ಮನುಷ್ಯರ ನಡುವೆ ತಲೆಯೆತ್ತಿ ನಡೆಯುವಂತೆ ಮಾಡಲು ತನ್ನ ಆಯುಷ್ಯವನ್ನೇ ಸವೆಸಿದ ವೈದ್ಯ ಹೆರಾಲ್ಡ್ ಗಿಲ್ಲೀಸ್. ಇಂದು ನಾವು ಪ್ಲಾಸ್ಟಿಕ್ ಸರ್ಜರಿ ಎಂದು ಕರೆಯುವ ಸುರೂಪ ಶಸ್ತ್ರಚಿಕಿತ್ಸೆಗೆ ಆಧುನಿಕ ಕಾಲದಲ್ಲಿ ಗಟ್ಟಿಯಾದ ಅಡಿಪಾಯ ಹಾಕಿದವರಲ್ಲಿ ಅವರ ಹೆಸರು ಮೊದಲು ಬರುತ್ತದೆ.

ತಂದೆಯಿಲ್ಲದ ಬಾಲ್ಯ

ಗಿಲ್ಲೀಸ್ ಅವರು ಹುಟ್ಟಿದ್ದು 1882ರ ಜೂನ್ 17ರಂದು, ನ್ಯೂಜಿಲೆಂಡ್ ದೇಶದ ಡುನೆಡಿನ್ ಪಟ್ಟಣದಲ್ಲಿ. ಎಂಟು ಮಂದಿ ಮಕ್ಕಳಲ್ಲಿ ಇವರೇ ಕಿರಿಯರು. ನಾಲ್ಕು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾದ ಒಂದು ಮೊಣಕೈ ಕೊನೆಯವರೆಗೂ ಪೂರ್ತಿ ಮಡಚಲು ಬರಲಿಲ್ಲ. ಹುಡುಗ ಮಾತ್ರ ಕುಗ್ಗಲಿಲ್ಲ. ಶಾಲೆಯಲ್ಲಿ ಕ್ರಿಕೆಟ್ ತಂಡದ ನಾಯಕನಾದ. ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ 1904ರಲ್ಲಿ ಆಕ್ಸ್‌ಫರ್ಡ್ ವಿರುದ್ಧದ ಹೆಸರಾಂತ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕಿದ. ಗಾಲ್ಫ್ ಆಟದಲ್ಲಂತೂ ಎತ್ತಿದ ಕೈ. ಬಣ್ಣದ ಕುಂಚ, ಮೀನಿನ ಗಾಳ, ನಗೆಚಾಟಿಕೆ ಇವು ಮೂರೂ ಜೀವನದುದ್ದಕ್ಕೂ ಜೊತೆಗಿದ್ದವು.

ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಕಲಿತು, 1910ರಲ್ಲಿ ಎಫ್.ಆರ್.ಸಿ.ಎಸ್. ಪದವಿ ಪಡೆದು, ಕಿವಿ ಮೂಗು ಗಂಟಲಿನ ತಜ್ಞರಾದರು. 1911ರಲ್ಲಿ ಕ್ಯಾಥ್ಲೀನ್ ಎಂಬುವರನ್ನು ಮದುವೆಯಾದರು. ಈ ದಂಪತಿಗೆ ನಾಲ್ವರು ಮಕ್ಕಳು. ಒಳ್ಳೆಯ ವೃತ್ತಿ, ಒಳ್ಳೆಯ ಸಂಸಾರ. ಯುದ್ಧ ಬಾರದೇ ಹೋಗಿದ್ದರೆ ಅವರ ಬದುಕು ಹಾಗೆಯೇ ಸುಖವಾಗಿ ಸಾಗಿಬಿಡುತ್ತಿತ್ತೋ ಏನೋ.

ಫ್ರಾನ್ಸಿನಲ್ಲಿ ಕಂಡದ್ದು

1914ರಲ್ಲಿ ಯುದ್ಧ ಹೊತ್ತಿಕೊಂಡಿತು. 1915ರಲ್ಲಿ ಗಿಲ್ಲೀಸ್ ಅವರು ರೆಡ್ ಕ್ರಾಸ್ ಸೇವೆಗೆ ಸೇರಿ ಫ್ರಾನ್ಸಿಗೆ ಹೋದರು. ಅದು ಕಂದಕಗಳ ಯುದ್ಧ. ಸೈನಿಕನ ಮೈಯೆಲ್ಲ ನೆಲದ ಮರೆಯಲ್ಲಿದ್ದರೂ ಇಣುಕಿ ನೋಡಲು ತಲೆ ಎತ್ತಲೇಬೇಕು. ಎತ್ತಿದೊಡನೆ ಗುಂಡು, ಸಿಡಿದ ಶೆಲ್ಲಿನ ಚೂರು ನೇರವಾಗಿ ಮುಖಕ್ಕೆ. ಉಕ್ಕಿನ ಶಿರಸ್ತ್ರಾಣ ಬಂದ ಮೇಲೆ ಎಷ್ಟೋ ಜನರ ಪ್ರಾಣ ಉಳಿಯಿತು, ಮುಖ ಉಳಿಯಲಿಲ್ಲ. ದವಡೆ ಒಡೆದವರನ್ನು ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಿ ಸಾಯುತ್ತಿದ್ದರು. ಅವರನ್ನು ಮುಂದಕ್ಕೆ ಬಾಗಿಸಿ ಕೂರಿಸಬೇಕೆಂಬ ಸಣ್ಣ ತಿಳಿವಳಿಕೆ ಬರುವ ಹೊತ್ತಿಗೆ ಎಷ್ಟೋ ಜೀವಗಳು ಹೋಗಿದ್ದವು.

ಅಲ್ಲಿ ಶಾರ್ಲ್ ವಲಾಡಿಯೆ ಎಂಬ ದಂತವೈದ್ಯರು ಒಡೆದ ದವಡೆಗಳನ್ನು ಜೋಡಿಸುವುದನ್ನು ಗಿಲ್ಲೀಸ್ ಕಂಡರು. ಪ್ಯಾರಿಸ್‌ನಲ್ಲಿ ಇಪೊಲಿಟ್ ಮೊರೆಸ್ಟಿನ್ ಎಂಬ ಶಸ್ತ್ರವೈದ್ಯರು ರೋಗಿಯೊಬ್ಬನ ಮುಖದ ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆದು, ಅದರಿಂದಾದ ದೊಡ್ಡ ಹಳ್ಳವನ್ನು ಪಕ್ಕದ ಚರ್ಮವನ್ನೇ ಸರಿಸಿ ಮುಚ್ಚಿದ್ದನ್ನು ಬೆರಗಿನಿಂದ ನೋಡಿದರು. ಎರಡನೆಯ ಸಲ ಹೋದಾಗ ಮೊರೆಸ್ಟಿನ್ ಅವರನ್ನು ಒಳಗೆ ಬಿಡಲಿಲ್ಲವಂತೆ. ಆದರೆ ಒಂದು ಸಲ ಕಂಡದ್ದೇ ಸಾಕಾಯಿತು. ತನ್ನ ದಾರಿ ಯಾವುದೆಂದು ಆ ಯುವ ವೈದ್ಯನಿಗೆ ತಿಳಿದಿತ್ತು. ಮುಂದೆ ಗಿಲ್ಲೀಸ್ ಅವರು ಯಾರಿಗೂ ಬಾಗಿಲು ಮುಚ್ಚಲಿಲ್ಲ. ಎಲ್ಲ ದೇಶದ ವೈದ್ಯರೂ ಬಂದು ನೋಡಿ ಕಲಿತುಹೋದರು.

ಜೇಬಿನ ಹಣದ ಚೀಟಿಗಳು

ಇಂಗ್ಲೆಂಡಿಗೆ ಮರಳಿದ ಗಿಲ್ಲೀಸ್, ಮುಖದ ಗಾಯಗಳಿಗೆಂದೇ ಪ್ರತ್ಯೇಕ ವಿಭಾಗ ಬೇಕೆಂದು ಸೇನೆಯ ಮೇಲಧಿಕಾರಿಗಳ ಬೆನ್ನು ಹತ್ತಿದರು. 1916ರ ಜನವರಿಯಲ್ಲಿ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಲು ಆದೇಶ ಬಂತು. ಆದರೆ ಸಾವಿರಾರು ಗಾಯಾಳುಗಳ ನಡುವೆ ಮುಖ ಒಡೆದವರು ತಮ್ಮ ಬಳಿಗೇ ಬರುವುದು ಹೇಗೆ? ಗಿಲ್ಲೀಸ್ ಅವರು ಅಂಗಡಿಗೆ ಹೋಗಿ ತಮ್ಮ ಜೇಬಿನ ಹಣದಿಂದ ಚೀಟಿಗಳನ್ನು ಕೊಂಡು, ಅವುಗಳ ಮೇಲೆ ತಮ್ಮ ಹೆಸರು ಮತ್ತು ಆಸ್ಪತ್ರೆಯ ವಿಳಾಸ ಬರೆದು, ಯುದ್ಧ ಕಚೇರಿಗೆ ಕೊಟ್ಟರು. ಗಾಯಾಳುವಿನ ಅಂಗಿಗೆ ಆ ಚೀಟಿ ಕಟ್ಟಿದರೆ ಸಾಕು, ಅವನು ಆಲ್ಡರ್‌ಶಾಟ್ ಸೇರಬೇಕು. ನಿಜವಾಗಿಯೂ ಚೀಟಿ ಕಟ್ಟಿಕೊಂಡವರು ಬರತೊಡಗಿದರು!

1916ರ ಜುಲೈ 1ರಂದು ಸೋಮ್ ನದಿಯ ಬಳಿ ಭೀಕರ ಕದನ ಆರಂಭವಾಯಿತು. ಮೊದಲ ದಿನವೇ ಬ್ರಿಟಿಷ್ ಸೇನೆಯ ಸುಮಾರು 57,000 ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ಇನ್ನೂರು ಜನ ಬರಬಹುದೆಂದು ಸಿದ್ಧವಾಗಿದ್ದ ಗಿಲ್ಲೀಸರ ವಿಭಾಗಕ್ಕೆ ಎರಡು ಸಾವಿರ ಜನ ಬಂದರು.

ಆಲ್ಡರ್‌ಶಾಟ್‌ನಲ್ಲಿ ಕ್ಯಾಥರಿನ್ ಬ್ಲ್ಯಾಕ್ ಎಂಬ ದಾದಿ ಇದ್ದರು. ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಒಬ್ಬ ಸೈನಿಕನ ಕಥೆ ಬರೆದಿದ್ದಾರೆ. ಅವನಿಗೆ ಊರಿನಲ್ಲಿ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ಕಾಗದಗಳನ್ನು ದಿನವೂ ಓದಿ ಸಂತೋಷಪಡುತ್ತಿದ್ದ. ಒಂದು ದಿನ ಹೇಗೋ ಕನ್ನಡಿಯೊಂದು ಕೈಗೆ ಸಿಕ್ಕಿ ತನ್ನ ಮುಖ ನೋಡಿಕೊಂಡ. ಅಂದೇ ಅವಳಿಗೆ ಕಾಗದ ಬರೆದು, ತಾನು ಪ್ಯಾರಿಸ್‌ನಲ್ಲಿ ಬೇರೊಬ್ಬಳನ್ನು ಕಂಡಿರುವುದಾಗಿಯೂ ಈ ಸಂಬಂಧ ಬೇಡವೆಂದೂ ತಿಳಿಸಿದ. ಅದು ಸುಳ್ಳು. ಅವಳು ಕನಿಕರಪಟ್ಟು ತನ್ನನ್ನು ಕೈಹಿಡಿಯಬಾರದು ಎಂಬುದೊಂದೇ ಅವನ ಆಸೆ. ಗಿಲ್ಲೀಸ್ ಅವರ ಮೇಜಿನ ಮೇಲೆ ಮಲಗುತ್ತಿದ್ದವರು ಇಂಥವರು. ಅವರಿಗೆ ಬೇಕಾಗಿದ್ದುದು ಅಂದವಲ್ಲ, ಮನೆಗೆ ಮರಳುವ ಧೈರ್ಯ.

ಹಳೆಯ ವಿದ್ಯೆ, ಹೊಸ ಪರೀಕ್ಷೆ

ಚರ್ಮವನ್ನು ಸರಿಸಿ ಅಂಗ ಕಟ್ಟುವ ವಿದ್ಯೆ ಆಗ ಹುಟ್ಟಿದ್ದೇನೂ ಅಲ್ಲ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮವನ್ನು ನಮ್ಮ ಸುಶ್ರುತ ಸಂಹಿತೆ ಹೇಳುತ್ತದೆ. ಎಷ್ಟು ಚರ್ಮ ಬೇಕೆಂದು ಎಲೆಯಿಂದ ಅಳೆಯಬೇಕು ಎನ್ನುತ್ತದೆ. ಈ ವಿದ್ಯೆ ಯೂರೋಪಿಗೆ ತಿಳಿದ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾಲಿದೆ. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕವಾಸ್‌ಜಿ ಎಂಬ ಗಾಡಿ ಎತ್ತುಗಳ ಆಳು ಇಂಗ್ಲಿಷರ ಸೇನೆಯಲ್ಲಿದ್ದ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೇನೆಯನ್ನು ಮತ್ತೆ ಸೇರಿಕೊಂಡ ಅವನಿಗೆ ಮುಂದೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಮೇಣದ ತಗಡಿನಿಂದ ಅಳತೆ ಮಾಡಿ ನಡೆಸಿದ ಈ ಚಿಕಿತ್ಸೆಯ ವರದಿ ಚಿತ್ರಸಹಿತ 1794ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ರಮವನ್ನು ನಡೆಸಿ ಗೆದ್ದರು. ಗಿಲ್ಲೀಸ್ ಅವರೂ ಸೈನಿಕರಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದರು.

ಹಾಗಾದರೆ ಗಿಲ್ಲೀಸ್ ಅವರು ಹೊಸದಾಗಿ ಮಾಡಿದ್ದೇನು? ಪ್ರತಿಯೊಬ್ಬ ರೋಗಿಯಿಂದಲೂ ಕಲಿತು, ಕಲಿತದ್ದನ್ನು ಬರೆದಿಟ್ಟು, ಮುಂದಿನವನಿಗೆ ಉಪಯೋಗಿಸಿದ್ದು. ಪ್ರತಿ ಹಂತದಲ್ಲೂ ಗಾಯದ ಫೋಟೋ ತೆಗೆಸಿದರು. ಮುಖದ ಅಚ್ಚನ್ನು ಪ್ಲಾಸ್ಟರಿನಲ್ಲಿ ಎತ್ತಿಸಿದರು. ವೈದ್ಯರಾಗಿದ್ದು ಚಿತ್ರಕಾರರಾದ ಹೆನ್ರಿ ಟೊಂಕ್ಸ್ ಅವರು ಚಿಕಿತ್ಸೆಯ ಮೊದಲು ಮತ್ತು ಆಮೇಲೆ ಆ ಮುಖಗಳನ್ನು ಬಣ್ಣದ ಕಡ್ಡಿಯಲ್ಲಿ ಬರೆದರು. ಆ ಚಿತ್ರಗಳು ಲಂಡನ್ನಿನ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ಸಂಗ್ರಹದಲ್ಲಿವೆ. ದಂತವೈದ್ಯರಾದ ವಿಲಿಯಂ ಕೆಲ್ಸಿ ಫ್ರೈ ಅವರು ದವಡೆಯ ಆಧಾರ ಸರಿಪಡಿಸಿದ ಮೇಲೆಯೇ ಮೇಲಿನ ಚರ್ಮದ ಕೆಲಸ. ಒಬ್ಬ ವೈದ್ಯನ ಕೈಚಳಕ ಅವನೊಡನೆ ಸತ್ತುಹೋಗುತ್ತದೆ. ದಾಖಲೆಯಾದ ಅನುಭವ ಎಲ್ಲರ ಆಸ್ತಿಯಾಗುತ್ತದೆ. ಈ ಸತ್ಯವನ್ನು ಅವರು ಚೆನ್ನಾಗಿ ಅರಿತಿದ್ದರು.

ಹಾಗೆ ಕಲಿತ ಮೊದಲ ಪಾಠಗಳು ಸರಳವಾದವು. ಹರಿದುಹೋದ ಮುಖವನ್ನು ಕಂಡ ಕೂಡಲೇ ಅಂಚುಗಳನ್ನು ಎಳೆದು ಹೊಲಿದುಬಿಡಬಾರದು. ಉಳಿದಿರುವ ಭಾಗಗಳನ್ನು ಮೊದಲು ಅವುಗಳ ಸ್ವಂತ ಜಾಗಕ್ಕೆ ತಂದು ನಿಲ್ಲಿಸಬೇಕು. ಆಗ ನಿಜವಾಗಿ ಕಳೆದುಹೋದದ್ದು ಎಷ್ಟೆಂದು ತಿಳಿಯುತ್ತದೆ. ಎಲುಬು ಹೋಗಿದ್ದರೆ ಎಲುಬು, ಚರ್ಮ ಹೋಗಿದ್ದರೆ ಚರ್ಮ, ಒಳಪದರ ಹೋಗಿದ್ದರೆ ಒಳಪದರ ಕೊಡಬೇಕು. ಮೂಗಿಗೆ ಹೊರಚರ್ಮ ಮಾತ್ರ ಹಾಕಿ ಒಳಪದರ ಮರೆತರೆ ಕೆಲವೇ ತಿಂಗಳಲ್ಲಿ ಅದು ಮುದುಡಿ ಕುಸಿಯುತ್ತಿತ್ತು. ಒಂದು ಯೋಜನೆ ಕೆಟ್ಟರೆ ಇನ್ನೊಂದು ಸಿದ್ಧವಾಗಿರಬೇಕು.

ಚರ್ಮದ ಕೊಳವೆ

ಗಾಯಾಳುಗಳ ಸಂಖ್ಯೆ ಹೆಚ್ಚಿದಾಗ 1917ರಲ್ಲಿ ಸಿಡ್‌ಕಪ್‌ನಲ್ಲಿ ಕ್ವೀನ್ಸ್ ಆಸ್ಪತ್ರೆ ಆರಂಭವಾಯಿತು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ವೈದ್ಯರೂ ಅಲ್ಲಿ ಜೊತೆಯಾಗಿ ದುಡಿದರು.

ಆ ವರ್ಷದ ಅಕ್ಟೋಬರ್ 3ರಂದು ಗಿಲ್ಲೀಸ್ ಅವರು ಒಬ್ಬ ನಾವಿಕನಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಜಟ್ಲಂಡ್ ಕಡಲ ಕಾಳಗದಲ್ಲಿ ಮದ್ದು ಹೊತ್ತಿಕೊಂಡು ಅವನ ಮುಖವೆಲ್ಲ ಸುಟ್ಟಿತ್ತು. ಎದೆಯಿಂದ ಚರ್ಮದ ಅಗಲವಾದ ಪಟ್ಟಿಯನ್ನು ಬಿಡಿಸಿ ಮೇಲಕ್ಕೆತ್ತಿ ಮುಖಕ್ಕೆ ಕೂರಿಸಬೇಕು. ರಕ್ತ ಹರಿಯಲೆಂದು ಪಟ್ಟಿಯ ಬುಡ ಮೈಗೆ ಅಂಟಿಕೊಂಡೇ ಇರಬೇಕು. ಇಂಥ ಪಟ್ಟಿಯ ಒಳಮೈ ಹಸಿಯಾಗಿ ತೆರೆದಿರುವುದರಿಂದ ಕೀವಾಗುವ ಭಯ ತಪ್ಪಿದ್ದಲ್ಲ. ಪೆನ್ಸಿಲಿನ್ ಬಳಕೆಗೆ ಬರಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಗಿತ್ತು. ಕೀವಾದರೆ ಚರ್ಮ ಕೊಳೆಯುತ್ತಿತ್ತು, ಎಲ್ಲ ಶ್ರಮವೂ ವ್ಯರ್ಥ.

ಎತ್ತಿದ ಪಟ್ಟಿಯ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಕೊಳ್ಳುತ್ತಿರುವುದನ್ನು ಗಿಲ್ಲೀಸ್ ಗಮನಿಸಿದರು. ಎರಡು ಅಂಚುಗಳನ್ನೂ ಸೇರಿಸಿ ಹೊಲಿದುಬಿಟ್ಟರೆ? ಹಾಗೆಯೇ ಮಾಡಿದರು. ಪಟ್ಟಿ ಕೊಳವೆಯಾಯಿತು. ಹಸಿ ಭಾಗವೆಲ್ಲ ಒಳಗೆ, ಚರ್ಮ ಹೊರಗೆ. ಕೀವಿನ ಭಯ ಬಹಳ ಕಡಿಮೆಯಾಯಿತು. ರಕ್ತ ಸರಾಗವಾಗಿ ಹರಿಯಿತು. ಮೂರು ವಾರಗಳಷ್ಟು ಕಾದು ಹೊಸ ಜಾಗದಿಂದ ರಕ್ತ ಹರಿಯತೊಡಗಿದ ಮೇಲೆ ಕೊಳವೆಯ ಹಳೆಯ ಬುಡವನ್ನು ಬಿಡಿಸಬಹುದಿತ್ತು. ಹೊಟ್ಟೆಯ ಚರ್ಮವನ್ನೂ ಮೊದಲು ಮಣಿಕಟ್ಟಿಗೆ ಸೇರಿಸಿ, ಅಲ್ಲಿಂದ ಮುಖಕ್ಕೆ ಸಾಗಿಸಬಹುದಿತ್ತು. ಒಡೆಸಾ ನಗರದ ವ್ಲಾಡಿಮಿರ್ ಫಿಲಾಟೊವ್ ಎಂಬ ವೈದ್ಯರೂ ಸುಮಾರು ಅದೇ ಸಮಯದಲ್ಲಿ ಈ ಉಪಾಯವನ್ನು ತಾವಾಗಿಯೇ ಕಂಡುಕೊಂಡಿದ್ದರು. ಯುದ್ಧದ ಕಾರಣ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯಲಿಲ್ಲ.

ಸೋಲು ಕಲಿಸಿದ ಪಾಠ

ಗೆಲುವಿನ ಬೆನ್ನಿಗೇ ದೊಡ್ಡ ಸೋಲೊಂದು ಬಂತು. ಒಬ್ಬ ತರುಣ ವಿಮಾನ ಚಾಲಕ, ಹಾರಾಟದ ತರಬೇತಿ ಮುಗಿಸಿದ ದಿನವೇ ವಿಮಾನ ಬಿದ್ದು ಬೆಂಕಿಗೆ ಸಿಕ್ಕಿದ್ದ. ಮುಖ ಪೂರ್ತಿಯಾಗಿ ಸುಟ್ಟಿತ್ತು. ತಿಂಗಳುಗಟ್ಟಲೆ ನರಳಿ, ದೇಹ ಮನಸ್ಸು ಎರಡೂ ಸೋತ ಸ್ಥಿತಿಯಲ್ಲಿ ಸಿಡ್‌ಕಪ್‌ಗೆ ಬಂದ. ಅವನಿಗೆ ಬೇಗ ಮುಖ ಕೊಡಬೇಕೆಂಬ ಆತುರ ಗಿಲ್ಲೀಸರಿಗೂ ಇತ್ತು. 1918ರ ಆರಂಭದಲ್ಲಿ ಇಡೀ ಮುಖವನ್ನು ಮುಚ್ಚುವಷ್ಟು ದೊಡ್ಡ ಚರ್ಮವನ್ನು ಅವನ ಎದೆಯಿಂದ ಒಂದೇ ಸಲಕ್ಕೆ ಎತ್ತಿ ಕೂರಿಸಿದರು. ದುರ್ಬಲವಾಗಿದ್ದ ದೇಹ ತಡೆದುಕೊಳ್ಳಲಿಲ್ಲ. ಚರ್ಮ ಕೊಳೆಯಿತು. ಮಾರ್ಚ್ ತಿಂಗಳಲ್ಲಿ ಆ ತರುಣ ತೀರಿಕೊಂಡ.

ಇಂಥ ಸಾವನ್ನು ಮರೆಮಾಚುವುದು ಸುಲಭ. ಯುದ್ಧಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಗಿಲ್ಲೀಸ್ ಹಾಗೆ ಮಾಡಲಿಲ್ಲ. 1920ರಲ್ಲಿ ಮುಖದ ಪ್ಲಾಸ್ಟಿಕ್ ಸರ್ಜರಿ ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದಾಗ, ಗೆದ್ದ ರೋಗಿಗಳ ಚಿತ್ರಗಳ ಜೊತೆಗೆ ಈ ಸೋಲನ್ನೂ ಸೇರಿಸಿದರು. ಒಂದೇ ಸಲಕ್ಕೆ ಅತಿಯಾಗಿ ಮಾಡಲು ಹೋದದ್ದು ತಪ್ಪಾಯಿತು, ಹಂತ ಹಂತವಾಗಿ ಮಾಡಬೇಕಾಗಿತ್ತು ಎಂದು ಒಪ್ಪಿಕೊಂಡರು. ಅಂದಿನಿಂದ ಅವರ ಶಿಷ್ಯರಿಗೆಲ್ಲ ಒಂದು ಬುದ್ಧಿಮಾತು ಸಿಕ್ಕಿತು: ಇಂದು ಮಾಡುವುದನ್ನು ನಾಳೆಗೆ ಬಿಟ್ಟರೆ ರೋಗಿಗೆ ಒಳಿತಾಗುವುದಾದರೆ ನಾಳೆಗೇ ಬಿಡಬೇಕು. ಸಂಶೋಧನೆ ಎಂದರೆ ಗೆದ್ದದ್ದನ್ನು ಸಾರುವುದಷ್ಟೇ ಅಲ್ಲ, ಎಡವಿದ್ದನ್ನೂ ಮುಚ್ಚಿಡದೆ ಹೇಳುವುದು. ಆ ಒಂದು ಪ್ರಾಮಾಣಿಕ ಬರಹ ಎಷ್ಟು ಜೀವಗಳನ್ನು ಉಳಿಸಿತೋ ಲೆಕ್ಕ ಹೇಳುವವರಾರು?

ಮುಖದ ಶಸ್ತ್ರಚಿಕಿತ್ಸೆಗೆ ಅರಿವಳಿಕೆಯದೂ ದೊಡ್ಡ ತೊಡಕಾಗಿತ್ತು. ಮುಖಕ್ಕೇ ಮುಸುಕು ಹಿಡಿದು ಮತ್ತು ಕೊಟ್ಟರೆ ವೈದ್ಯ ಕತ್ತಿ ಆಡಿಸುವುದೆಲ್ಲಿ? ಯುದ್ಧ ಮುಗಿದ ಮೇಲೆ ಸಿಡ್‌ಕಪ್‌ಗೆ ಬಂದ ಐವನ್ ಮಗಿಲ್ ಮತ್ತು ಸ್ಟ್ಯಾನ್ಲಿ ರೋಬಾಟಮ್ ಎಂಬ ವೈದ್ಯರು ಶ್ವಾಸನಾಳಕ್ಕೆ ರಬ್ಬರ್ ಕೊಳವೆ ಇಳಿಸಿ ಅರಿವಳಿಕೆ ಕೊಡುವ ವಿಧಾನವನ್ನು ಅಲ್ಲಿ ಬೆಳೆಸಿದರು. ಇಂದು ಯಾವ ಊರಿನ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್ ನಡೆದರೂ ಬಹುಮಟ್ಟಿಗೆ ಅದೇ ವಿಧಾನದ ಸುಧಾರಿತ ರೂಪ ಕೆಲಸ ಮಾಡುತ್ತದೆ.

1917ರಿಂದ 1925ರವರೆಗೆ ಆ ಆಸ್ಪತ್ರೆಯಲ್ಲಿ 5,000ಕ್ಕೂ ಹೆಚ್ಚು ಮಂದಿಗೆ 11,000ಕ್ಕೂ ಮೀರಿ ಶಸ್ತ್ರಚಿಕಿತ್ಸೆಗಳು ನಡೆದವು. ಎರಡು ಆಪರೇಷನ್‌ಗಳ ನಡುವಿನ ತಿಂಗಳುಗಳಲ್ಲಿ ರೋಗಿಗಳಿಗೆ ಆಟಿಕೆ ಮಾಡುವುದು, ಕೋಳಿ ಸಾಕುವುದು ಮುಂತಾದ ಕಸುಬು ಕಲಿಸುತ್ತಿದ್ದರು. ಮುಖ ಸರಿಯಾದರೆ ಸಾಲದು, ಹೊಟ್ಟೆಪಾಡಿನ ದಾರಿಯೂ ಕಾಣಬೇಕಲ್ಲವೇ?

ಕೊನೆಯ ದಿನಗಳು

ಶಾಂತಿಕಾಲ ಬಂದಾಗ ಪ್ಲಾಸ್ಟಿಕ್ ಸರ್ಜರಿ ಎಂಬ ವಿಭಾಗವೇ ಬೇಕೇ ಎಂದು ಅನೇಕರು ಮೂಗು ಮುರಿದರು. ಗಿಲ್ಲೀಸ್ ಬಿಡಲಿಲ್ಲ. 1930ರಲ್ಲಿ ಅವರಿಗೆ ಸರ್ ಪದವಿ ಬಂತು. ತಮ್ಮ ಊರಿನವರೇ ಆದ ಬಂಧು ಆರ್ಚಿಬಾಲ್ಡ್ ಮೆಕಿಂಡೊ ಕೆಲಸ ಹುಡುಕುತ್ತ ಲಂಡನ್ನಿಗೆ ಬಂದಾಗ ಕೈಹಿಡಿದು ಈ ವಿದ್ಯೆಗೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಸುಟ್ಟ ವಿಮಾನ ಚಾಲಕರ ಚಿಕಿತ್ಸೆಗೆ ಮೆಕಿಂಡೊ ಹೆಸರಾದರು. ಗಿಲ್ಲೀಸ್ ಬೇಸಿಂಗ್‌ಸ್ಟೋಕ್‌ನ ರೂಕ್ಸ್‌ಡೌನ್ ಹೌಸ್ ಆಸ್ಪತ್ರೆಯನ್ನು ನೋಡಿಕೊಂಡರು. 1946ರಲ್ಲಿ ಬ್ರಿಟನ್ನಿನ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷರಾದರು. 1957ರಲ್ಲಿ ಅಮೆರಿಕದ ರಾಲ್ಫ್ ಮಿಲಾರ್ಡ್ ಅವರೊಡನೆ ತಮ್ಮ ಜೀವಮಾನದ ಅನುಭವವನ್ನು ಎರಡು ಸಂಪುಟಗಳಲ್ಲಿ ಬರೆದಿಟ್ಟರು. ಅದೇ ವರ್ಷ ಪತ್ನಿ ಕ್ಯಾಥ್ಲೀನ್ ಅಗಲಿದರು.

ಅವರ ವಿದ್ಯೆ ನಮ್ಮ ದೇಶಕ್ಕೂ ಬಂತು. ಅವರ ಬಳಿ ಕಲಿತ ಡಾ. ನೋಶೀರ್ ಆಂಟಿಯಾ ಅವರು ಭಾರತಕ್ಕೆ ಮರಳಿ, ಕುಷ್ಠರೋಗದಿಂದ ಮೂಗು ಕುಸಿದವರ, ಮುಖ ವಿಕಾರವಾದವರ ಚಿಕಿತ್ಸೆಗೆ ಕೈಹಾಕಿದರು. ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಕಟ್ಟಿದರು. ಸಮಾಜ ಊರ ಹೊರಗಿಟ್ಟಿದ್ದ ಜನರಿಗೆ ಸಿಡ್‌ಕಪ್‌ನ ಪಾಠ ಹೀಗೆ ನೆರವಾಯಿತು.

78ರ ವಯಸ್ಸಿನಲ್ಲಿಯೂ ಗಿಲ್ಲೀಸ್ ಕತ್ತಿ ಕೆಳಗಿಡಲಿಲ್ಲ. 1960ರ ಆಗಸ್ಟ್‌ನಲ್ಲಿ 18 ವರ್ಷದ ಹುಡುಗಿಯೊಬ್ಬಳ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗಲೇ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯಿತು. ಸೆಪ್ಟೆಂಬರ್ 10ರಂದು ಕೊನೆಯುಸಿರೆಳೆದರು. ದೊಡ್ಡ ಹೆಸರಿನ ವೈದ್ಯರಾದರೂ ದೊಡ್ಡ ಆಸ್ತಿಯನ್ನೇನೂ ಬಿಟ್ಟುಹೋಗಲಿಲ್ಲ.

ಚರ್ಮದ ಕೊಳವೆಯ ವಿಧಾನ ಈಗ ಅಪರೂಪ. 1970ರ ದಶಕದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೂದಲಿನಂಥ ರಕ್ತನಾಳಗಳನ್ನು ಜೋಡಿಸುವ ತಂತ್ರ ಬೆಳೆದು, ತಿಂಗಳುಗಳ ಕೆಲಸ ಕೆಲವು ಗಂಟೆಗಳಿಗೆ ಇಳಿಯಿತು. 2005ರಲ್ಲಿ ಫ್ರಾನ್ಸಿನಲ್ಲಿ ಮೃತರೊಬ್ಬರ ಮುಖದ ಭಾಗವನ್ನೇ ಕಸಿ ಮಾಡಿದರು. ತಂತ್ರ ಬದಲಾಗುತ್ತದೆ. ಆದರೆ ಯೋಜಿಸು, ಕಾದು ನೋಡು, ಬರೆದಿಡು, ತಪ್ಪನ್ನು ಒಪ್ಪಿಕೊ ಎಂಬ ಗಿಲ್ಲೀಸರ ಕ್ರಮ ಹಳತಾಗಿಲ್ಲ.

ಪ್ರಿಯ ಓದುಗರೇ, ಬೆಂಕಿ ಅನಾಹುತದಲ್ಲಿ ಬೆಂದವರು, ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಕ್ಕಳು, ಸೀಳುತುಟಿಯೊಂದಿಗೆ ಹುಟ್ಟಿದ ಕೂಸುಗಳು ನಮ್ಮ ನಡುವೆಯೂ ಇದ್ದಾರೆ. ಸೀಳುತುಟಿಯನ್ನು ಗ್ರಹಣದ ದೋಷ, ತಾಯಿಯ ಪಾಪ ಎಂದು ಮನೆಯಲ್ಲಿ ಮುಚ್ಚಿಡದೆ ಎಳವೆಯಲ್ಲೇ ವೈದ್ಯರಿಗೆ ತೋರಿಸಿದರೆ ಸರಿಪಡಿಸಬಹುದು. ಶಸ್ತ್ರವೈದ್ಯ ಕಟ್ಟಿಕೊಟ್ಟ ಮುಖವನ್ನು ಒಪ್ಪಿಕೊಳ್ಳಬೇಕಾದವರು ನಾವು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಅಂಥವರು ಎದುರಾದಾಗ ದುರುಗುಟ್ಟಿ ನೋಡದೆ, ಕಣ್ಣು ತಪ್ಪಿಸದೆ, ಎಲ್ಲರನ್ನು ಮಾತಾಡಿಸುವಂತೆ ಮಾತಾಡಿಸಲು ನಮ್ಮ ಮಕ್ಕಳಿಗೆ ಕಲಿಸೋಣ. ನಮ್ಮ ಊರಿನ ಯಾವ ಬೆಂಚಿಗೂ ನೀಲಿ ಬಣ್ಣ ಬಳಿಯುವ ಅಗತ್ಯ ಬಾರದಿರಲಿ.